ಮುಗಿಸಿದ ಆಟಕ್ಕೆ ಸಾಕ್ಷಿ

೧೯೯೬ನೆಯ ಇಸವಿ ಡಿಸೆಂಬರ್ ೨೨, ಭಾನುವಾರ. ಆ ಬೆಳಿಗ್ಗೆಯ ವೇಳೆಗೆ ಕೋದಂಡಪ್ಪ ಆ ವರ್ಷದಲ್ಲಿ ಮುಗಿಸಿದ್ದ ಆಟಗಳು ಹನ್ನೊಂದು. ಅವು ಮುಗಿದದ್ದನ್ನು ಕಣ್ಣಾರೆ ಕಂಡವರು, ಅವನನ್ನು ಬಿಟ್ಟರೆ, ಸೊನ್ನೆ.

ಆಟವೆಂದರೆ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್. ಅರವತ್ತೈದು ದಾಟಿದ, ಬೂದಿಕೋಟೆಯ ಕಡೆಯ ಹಳ್ಳಿಯಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಯವರೆಗೂ ಬಾಯಿಪಾಠ ಮಾಡಿ ಬೆಳೆದ ಮನುಷ್ಯ ಇಂಥದ್ದಕ್ಕೆ ಕೈಹಾಕಿದ್ದು ಬಂಗಾರಪೇಟೆಯ ಅವನ ಬೀದಿಯಲ್ಲಿ ಯಾರಿಗೂ ತಿಳಿಯದು. ತಿಳಿಯಲು ಯಾರೂ ಆ ಮನೆಯ ಬಾಗಿಲು ತಟ್ಟುತ್ತಿರಲಿಲ್ಲ. ಕೆ.ಜಿ.ಎಫ್. ಗಣಿಯಲ್ಲಿ ಮೂವತ್ತೊಂದು ವರ್ಷ ಅವನು ವೈಂಡರ್ ಡ್ರೈವರ್ ಆಗಿದ್ದ. ನೆಲದಡಿಗೆ ಆಳುಗಳನ್ನು ಇಳಿಸುವ, ಮೇಲೆತ್ತುವ ಪಂಜರಕ್ಕೆ ಅಲ್ಲಿ ಕೇಜ್ ಎನ್ನುತ್ತಾರೆ. ಅದರ ಹಗ್ಗವನ್ನು ಸುತ್ತುವ ಎಂಜಿನ್ನಿನ ಮುಂದೆ ಕುಳಿತು, ಡಯಲಿನ ಮುಳ್ಳು ನೋಡುತ್ತಾ, ಆಳದಿಂದ ಬರುವ ಗಂಟೆಯ ಲೆಕ್ಕಕ್ಕೆ ತಕ್ಕಂತೆ ಕೈಯಾಡಿಸುವುದು ಅವನ ಉದ್ಯೋಗ. ನಿವೃತ್ತನಾಗಿ ಏಳು ವರ್ಷ, ಹೆಂಡತಿ ಆದಿಲಕ್ಷ್ಮಮ್ಮ ತೀರಿಕೊಂಡು ಮೂರು ವರ್ಷ. ಮಕ್ಕಳಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಮಂಚದ ಕೆಳಗೆ ಗುಡಿಸುವಾಗ ಹೆಂಡತಿ ಬಾಡಿಗೆಗೆ ತಂದಿದ್ದ ಹಳೆಯ ಹರಿಕಥೆಯ ವಿಡಿಯೋ ಕ್ಯಾಸೆಟ್ ಒಂದು ಸಿಕ್ಕಿತು. ಪರರ ವಸ್ತು ಮನೆಯಲ್ಲಿರಬಾರದೆಂದು ಅದನ್ನು ಹಿಡಿದು ಸ್ಟೇಷನ್ ರಸ್ತೆಯ ಅಂಗಡಿಗೆ ಹೋದ. ಅಂಗಡಿ ನಡೆಸುತ್ತಿದ್ದವಳು ವರಲಕ್ಷ್ಮಮ್ಮ, ನಲವತ್ತರ ಆಸುಪಾಸಿನ ವಿಧವೆ. ಊರಿಗೆ ಕೇಬಲ್ ಬಂದ ಮೇಲೆ ಸಿನಿಮಾ ಕ್ಯಾಸೆಟ್ಟು ಕೇಳುವವರಿಲ್ಲದೆ ಅವಳು ಗೇಮ್ ಕ್ಯಾಸೆಟ್ಟುಗಳಿಗೆ ತಿರುಗಿಕೊಂಡಿದ್ದಳು. ಮೂರು ವರ್ಷದ ದಂಡ ಎಷ್ಟಾಯಿತೆಂದು ಕೋದಂಡಪ್ಪ ಆಗಲೇ ಗುಣಿಸಿಕೊಂಡು ಬಂದಿದ್ದ. ಅವಳು ನಕ್ಕು ದಂಡ ಬೇಡವೆಂದಳು. ಆಮೇಲೆ, ಮನೆಯಲ್ಲಿ ಟಿ.ವಿ. ಸುಮ್ಮನೆ ಕೂತಿರಬೇಕಲ್ಲ ಎಂದು ಆಟದ ಪೆಟ್ಟಿಗೆಯನ್ನೂ ಒಂದು ಕ್ಯಾಸೆಟ್ಟನ್ನೂ ಅವನ ಕೈಗಿತ್ತಳು. ಅದು ಅರ್ಧ ತಮಾಷೆ, ಅರ್ಧ ವ್ಯಾಪಾರ. ಕೋದಂಡಪ್ಪ ತಮಾಷೆಯ ಅರ್ಧವನ್ನು ಗಮನಿಸದೆ ತೆಗೆದುಕೊಂಡು ಬಂದ.

ಹಾಗೆ ಶುರುವಾಯಿತು. ಹನ್ನೆರಡು ತಿಂಗಳಲ್ಲಿ ಹನ್ನೊಂದು. ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಕುಡಿದು, ಆರರಿಂದ ಒಂಬತ್ತರವರೆಗೆ ಆಡುವುದು. ಹತ್ತಕ್ಕೆ ಕರೆಂಟು ಹೋಗುತ್ತಿದ್ದುದರಿಂದ ಒಂದು ಗಂಟೆಯ ಎಚ್ಚರಿಕೆ ಇಟ್ಟುಕೊಂಡಿದ್ದ. ಆ ಪೆಟ್ಟಿಗೆಗೆ ನೆನಪೆಂಬುದಿಲ್ಲ. ಕರೆಂಟು ಹೋದರೆ ಎಷ್ಟೇ ದೂರ ಹೋಗಿದ್ದರೂ ಮತ್ತೆ ಮೊದಲಿಂದ. ಆ ಕಟ್ಟುನಿಟ್ಟು ಅವನಿಗೆ ಹಿಡಿಸಿತು.

ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ವರ್ಷದ ಕೊನೆಗೆ ಗಿರಾಕಿಗಳು ಆ ವರ್ಷ ಮುಗಿಸಿದ ಆಟಗಳಲ್ಲಿ ತಮಗೆ ಮೆಚ್ಚಾದವನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು; ಜನವರಿ ಒಂದರಂದು ವರಲಕ್ಷ್ಮಮ್ಮ ಆ ಹಾಳೆಗಳನ್ನು ಹೆಸರು ಸಮೇತ ಗೋಡೆಗೆ ಅಂಟಿಸುವಳು. ಹಿಂದಿನ ವರ್ಷ ಶಾಲೆಯ ಹುಡುಗರು ಮುಗಿಸದ ಆಟಗಳನ್ನೆಲ್ಲ ಮುಗಿಸಿದೆವೆಂದು ಬರೆದು ಅಂಗಡಿಯಲ್ಲೇ ಹೊಡೆದಾಡಿಕೊಂಡಿದ್ದರಿಂದ ಈ ಸಲ ಒಂದು ನಿಯಮ ಹೆಚ್ಚಾಯಿತು: ಮೊದಲ ಸ್ಥಾನದ ಆಟ ಮುಗಿದದ್ದನ್ನು ಕಂಡ ಒಬ್ಬನ ಸಹಿ ಹಾಳೆಯ ಕೆಳಗಿರಬೇಕು.

ಕೋದಂಡಪ್ಪನ ಹೆಸರು ಕಳೆದ ಏಳು ವರ್ಷಗಳಲ್ಲಿ ಪಿಂಚಣಿಯ ಪುಸ್ತಕವೊಂದನ್ನು ಬಿಟ್ಟು ಬೇರೆಲ್ಲಿಯೂ ಬರೆಯಲ್ಪಟ್ಟಿರಲಿಲ್ಲ. ಆ ಗೋಡೆಯ ಮೇಲೆ ಅದು ಬರಬೇಕೆಂದು ಅವನಿಗೆ ಆಸೆಯಾಯಿತು. ಆಸೆಯೆಂದು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ಪಟ್ಟಿಯನ್ನು ಅವನು ಶಿಫ್ಟಿನ ರಿಜಿಸ್ಟರು ಬರೆಯುವ ಶ್ರದ್ಧೆಯಿಂದ ಬರೆದ. ಕ್ಯಾಸೆಟ್ಟುಗಳ ಮೇಲಿನ ಲಿಪಿ ಯಾವ ದೇಶದ್ದೋ ಅವನಿಗಾಗಲೀ ವರಲಕ್ಷ್ಮಮ್ಮನಿಗಾಗಲೀ ತಿಳಿಯದ್ದರಿಂದ ಅವಳೇ ಇಟ್ಟ ಹೆಸರುಗಳು ಚಾಲ್ತಿಯಲ್ಲಿದ್ದವು. ಐದನೆಯ ಸ್ಥಾನ ಇಟ್ಟಿಗೆ ಆಟಕ್ಕೆ: ಬುದ್ಧಿಗೆ ಕೆಲಸವಿದೆ, ಆದರೆ ಕಟ್ಟಿದ್ದು ನಿಲ್ಲುವುದಿಲ್ಲ. ನಾಲ್ಕನೆಯದು ಕೋತಿ ಆಟ. ಕಾರಣ ಬರೆಯಲಿಲ್ಲ, ಆಡುವಾಗ ಎರಡು ಸಲ ನಗು ಬಂದಿತ್ತು. ಮೂರನೆಯದು ಹಾವಿನ ಕೋಟೆ, ಅದರಲ್ಲಿ ತಪ್ಪಿಗೆ ತಕ್ಕಷ್ಟೇ ಶಿಕ್ಷೆ. ಎರಡನೆಯದು ಒಂದು ರೈಲಿನ ಆಟ, ಅದರ ಗೇಟಿನವನು ಯಾವತ್ತೂ ತಡಮಾಡುವುದಿಲ್ಲವೆಂಬ ಒಂದೇ ಕಾರಣಕ್ಕೆ. ಲಿಫ್ಟಿನಲ್ಲಿ ಇಳಿಯುತ್ತಾ ಹೋಗುವ ಆಟವೊಂದಿತ್ತು. ಹುಡುಗರಿಗೆ ಅದರ ಮೇಲೆ ಪ್ರಾಣ, ಕೋದಂಡಪ್ಪ ಅದನ್ನು ಹನ್ನೊಂದನೆಯ ಸ್ಥಾನಕ್ಕೆ ತಳ್ಳಿದ. ನೆಲ ಮುಟ್ಟುವ ಮುಂಚೆ ವೇಗ ತಗ್ಗಿಸದ ಲಿಫ್ಟನ್ನು ಯಾರೂ ನಡೆಸಕೂಡದು ಎಂದು ಪಕ್ಕದಲ್ಲಿ ಷರಾ ಬರೆದ.

ಮೊದಲನೆಯದು ದೋಣಿ. ಬಂಡೆಗಳ ನಡುವೆ ಒಂದು ಪುಟ್ಟ ದೋಣಿ, ದಡದುದ್ದಕ್ಕೂ ಆರಿದ ದೀಪದ ಕಂಬಗಳು ನಲವತ್ತು. ಒಂದೊಂದರ ಹತ್ತಿರ ಹೋದಾಗ ಅದು ಹತ್ತಿಕೊಳ್ಳುತ್ತದೆ. ವೈರಿಯಿಲ್ಲ, ಗುಂಡಿಲ್ಲ, ನೀರಿನ ಸೆಳೆತ ಮಾತ್ರ. ಒಂದು ಗಂಟೆ ಐವತ್ತು ನಿಮಿಷ ಹಿಡಿಯುವ ಆಟ. ನಲವತ್ತನೆಯ ದೀಪ ಹತ್ತಿದ ಮೇಲೆ ದೋಣಿ ತಾನಾಗಿ ದಡಕ್ಕೆ ತಿರುಗುತ್ತದೆ, ದಡದಲ್ಲೊಂದು ಮನೆ, ಅದರ ಬಾಗಿಲು ತೆರೆದು ಯಾರೋ ಒಬ್ಬರು ಹೊರಗೆ ಬಂದು ನಿಲ್ಲುತ್ತಾರೆ. ಅಷ್ಟೇ. ಕೋದಂಡಪ್ಪ ಅದನ್ನು ಒಂಬತ್ತು ಸಲ ಮುಗಿಸಿದ್ದ.

ಎಲ್ಲ ಆಟಗಳನ್ನೂ ಅವನು ಟಿ.ವಿ.ಯ ಶಬ್ದ ಪೂರ್ತಿ ಇಳಿಸಿ ಆಡುತ್ತಿದ್ದ. ಕಾರಣವಿತ್ತು. ದೋಣಿಯಲ್ಲಿ ದೀಪ ಹತ್ತಿದಾಗ ಟಿಂಗ್ ಎಂದು ಒಂದು ಸದ್ದು ಬರುತ್ತದೆ. ಗಣಿಯಲ್ಲಿ ಒಂದು ಸಲ ಗಂಟೆ ಹೊಡೆದರೆ ನಿಲ್ಲಿಸು ಎಂದರ್ಥ. ಮೊದಲ ದಿನ ಆ ಸದ್ದು ಕೇಳಿದೊಡನೆ ಅವನ ಎರಡು ಕೈಗಳೂ ಕಲ್ಲಾಗಿ ನಿಂತವು, ದೋಣಿ ಬಂಡೆಗೆ ಬಡಿಯಿತು. ಎರಡನೆಯ ದಿನವೂ ಹಾಗೆಯೇ. ಬುದ್ಧಿ ಹೇಳಿದ್ದನ್ನು ಕೈ ಕೇಳಲಿಲ್ಲ. ಮೂರನೆಯ ದಿನ ಶಬ್ದವನ್ನೇ ತೆಗೆದ. ಹೀಗೆ ಇಡೀ ವರ್ಷ ಆ ಮನೆಯಲ್ಲಿ ದೋಣಿ, ರೈಲು, ಕೋತಿ ಎಲ್ಲವೂ ಮೂಕವಾಗಿಯೇ ಓಡಾಡಿದವು.

ಈಗ ಸಾಕ್ಷಿ ಬೇಕಾಗಿತ್ತು. ಪಕ್ಕದ ಮನೆಯ ಮುನಿನಾರಾಯಣಮ್ಮನನ್ನು ಸಂಕೋಚದಿಂದ ಕರೆದ. ಅವಳು ಆರು ದೀಪ ಹತ್ತುವವರೆಗೆ ಕೂತು, ಒಲೆಯ ಮೇಲೆ ಹಾಲಿದೆಯೆಂದು ಎದ್ದುಹೋದಳು. ಅಂಗಡಿ ಬಿಟ್ಟು ಬರಲಾಗದ ವರಲಕ್ಷ್ಮಮ್ಮ, ತಾನೇ ಸಹಿ ಹಾಕಿಬಿಡುತ್ತೇನೆ, ಕೇಳುವವರು ಯಾರು ಎಂದಳು.

“ನೋಡ್ದೆ ಆಕಿದ್ ಸೈನು ಸೈನಲ್ಲಮ್ಮ,” ಎಂದ ಕೋದಂಡಪ್ಪ.

“ಅಂಗಾರೆ ನೀವೊಬ್ರು ಸತ್ಯವಂತ್ರು, ಊರೆಲ್ಲ ಸುಳ್ಳ್ರು. ಓಗ್ರಿ ಡ್ರೈವರಣ್ಣ, ಯಾರ್ನಾರ ಇಡ್ಕೊಂಡ್ ಬನ್ನಿ,” ಎಂದು ಅವಳು ನಕ್ಕಳು.

ಹಿಡಿದು ತರಲು ಯಾರಿದ್ದರು? ಎಷ್ಟು ಎಣಿಸಿದರೂ ಒಂದೇ ಹೆಸರು ಉಳಿಯಿತು. ಆರುಮುಗಂ.

ಕೇಜ್ ಓಡಾಡುವ ಬಾವಿಗೆ ಗಣಿಯಲ್ಲಿ ಶಾಫ್ಟ್ ಎನ್ನುತ್ತಾರೆ; ಆರುಮುಗಂ ಅವನ ಶಾಫ್ಟಿನಲ್ಲಿ ಆಳದ ಬೆಲ್‌ಮ್ಯಾನ್. ಹನ್ನೆರಡು ವರ್ಷ ಇಬ್ಬರೂ ಒಂದೇ ಶಿಫ್ಟು. ಅವನು ಕೆಳಗೆ ಗಂಟೆ ಹೊಡೆಯುವುದು, ಇವನು ಮೇಲೆ ಕೇಳುವುದು. ಮುಖ ನೋಡಿ ಮಾತಾಡಿದ್ದು ಬೋನಸ್ಸಿನ ದಿನಗಳಲ್ಲಿ ಮಾತ್ರ. ಆದರೂ ಆ ಕೈಯ ಗಂಟೆಯನ್ನು ನೂರು ಗಂಟೆಗಳ ನಡುವೆ ಗುರುತಿಸಬಲ್ಲೆನೆಂದು ಕೋದಂಡಪ್ಪ ಹೇಳುತ್ತಿದ್ದ. ಆ ಕೈ ಒಮ್ಮೆಯೂ ತಪ್ಪು ಹೊಡೆಯಲಿಲ್ಲ. ೧೯೮೧ರಲ್ಲಿ ತಪ್ಪಿದ್ದು ಬೇರೆ ಕೈ.

ಕ್ರಿಸ್‌ಮಸ್ಸಿನ ದಿನ ಕೆ.ಜಿ.ಎಫ್. ಕಡೆಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಕುಳಿತು ಕೋದಂಡಪ್ಪ ಅದನ್ನು ನೆನೆದ; ನೆನೆಯದೆ ಆ ದಾರಿಯಲ್ಲಿ ಹೋಗುವುದು ಸಾಧ್ಯವಿರಲಿಲ್ಲ. ೧೯೮೧ರ ಆ ಮಧ್ಯಾಹ್ನ ಕೇಜನ್ನು ಆಳದ ಲೆವೆಲ್ಲಿನ ನೆಲಕ್ಕೆ ಸರಿಹೊಂದಿಸಲು ಸ್ವಲ್ಪ ಮೇಲೆತ್ತಬೇಕಾಗಿತ್ತು. ಎತ್ತುತ್ತಾ ಇದ್ದ. ತೊಡೆಯ ಮೇಲೆ ರಿಜಿಸ್ಟರು. ಶಿಫ್ಟಿನ ಮೊತ್ತಕ್ಕೆ ಅಂಕಿಗಳ ಸಾಲು ಕೂಡಿಸುತ್ತಿದ್ದ, ಕೊನೆಯ ಎರಡು ಅಂಕಿ ಬಾಕಿಯಿದ್ದವು. ಆಗ ಆರುಮುಗನ ಒಂದು ಗಂಟೆ ಬಂತು: ನಿಲ್ಲಿಸು. ಮೊತ್ತ ಬರೆದುಬಿಡೋಣವೆಂದು ಕೋದಂಡಪ್ಪನ ಮನಸ್ಸು ತಡೆಯಿತು. ಎರಡು ಸೆಕೆಂಡು. ಸೆಕೆಂಡಿಗೆ ಎರಡು ಅಡಿಯಂತೆ ನಾಲ್ಕು ಅಡಿ. ಗಂಟೆ ಹೊಡೆದ ಕ್ಷಣ ಕೇಜ್ ನಿಲ್ಲುವುದೇ ಆರುಮುಗನಿಗೆ ರೂಢಿ. ಹೊಡೆಯುತ್ತಲೇ ಅವನು ಕೇಜಿಗೆ ಕಾಲಿಟ್ಟಿದ್ದ. ಎಡಗಾಲಿನ ಮೂರು ಬೆರಳು ಹೋದವು.

ವಿಚಾರಣೆಯಲ್ಲಿ ಕೇಳಿದಾಗ ಕೋದಂಡಪ್ಪ ಗಂಟೆ ತಡವಾಗಿ ಬಂತೆಂದ. ಯಾರೋ ಆರುಮುಗಂ ಕುಡಿದಿದ್ದನೆಂದರು. ಆರುಮುಗಂ ಏನೂ ಹೇಳಲಿಲ್ಲ. ಅವನನ್ನು ಗಂಟೆಯಿಂದ ತೆಗೆದು ಮೇಲಿನ ಯಾರ್ಡಿನಲ್ಲಿ ಕಸ ಗುಡಿಸಲು ಹಾಕಿದರು.

ಗಣಿಯ ಆಳುಗಳ ಲೈನ್ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಆರುಮುಗಂ ಬಾಗಿಲಲ್ಲೇ ಕುಳಿತಿದ್ದ. ಕಣ್ಣಿಗೆ ಪೊರೆ ಬಂದು ಎದುರು ನಿಂತವನನ್ನು ಮಬ್ಬಾಗಿ ನೋಡಿ, ಸ್ವರ ಕೇಳಿದ ಮೇಲೆ ಎದ್ದು ನಿಂತ. ಕೋದಂಡಪ್ಪ ಬಂದ ಕಾರಣವನ್ನು ಸುತ್ತುಬಳಸದೆ ಹೇಳಿದ: ತಾನೊಂದು ಟಿ.ವಿ. ಆಟ ಮುಗಿಸಬೇಕು, ಅದನ್ನು ಕಂಡೆನೆಂದು ಸಹಿ ಹಾಕಲು ಒಬ್ಬ ನಂಬಿಕಸ್ಥ ಬೇಕು. ಆರುಮುಗಂ, ಮಬ್ಬುಗಣ್ಣಿನ ಸಾಕ್ಷಿ ನಡೆಯುತ್ತದೆಯೇ ಎಂದು ಕೇಳಿದ. ದೀಪ ಹತ್ತುವುದು ಕಾಣುವುದಾದರೆ ನಡೆಯುತ್ತದೆಂದ ಕೋದಂಡಪ್ಪ.

“ಸರಿ ಅಣ್ಣೇ. ಬಾನ್ವಾರ ಬತ್ತೀನಿ,” ಎಂದ ಆರುಮುಗಂ. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಇಪ್ಪತ್ತೊಂಬತ್ತನೆಯ ತಾರೀಖು ಭಾನುವಾರ ಬೆಳಗಿನ ರೈಲಿಗೆ ಅವನು ಬಂದ. ಕೋದಂಡಪ್ಪ ಚಾಪೆ ಹಾಸಿ, ಚಿತ್ರಾನ್ನ ಕೊಟ್ಟು, ಕಾಫಿ ಕೊಟ್ಟು, ಎಂಟು ಗಂಟೆಗೆ ಸರಿಯಾಗಿ ಆಟ ಶುರುಮಾಡಿದ. ಸಮಯ ಲೆಕ್ಕಕ್ಕೆ ಹೊಂದುತ್ತಿತ್ತು: ಒಂಬತ್ತೈವತ್ತಕ್ಕೆ ಮುಗಿಯಬೇಕು, ಹತ್ತಕ್ಕೆ ಕರೆಂಟು ಹೋಗಬೇಕು. ಮೂರು ದೀಪ ಹತ್ತಿದ ಮೇಲೆ ಆರುಮುಗಂ, ಪರದೆಯ ಮೇಲೆ ನೀಲಿ ಬಣ್ಣ ಬಿಟ್ಟು ತನಗೇನೂ ಗೊತ್ತಾಗುತ್ತಿಲ್ಲ, ಸದ್ದಾದರೂ ಇದ್ದರೆ ಎಣಿಸಿಕೊಳ್ಳಬಹುದು ಎಂದ.

ಕೋದಂಡಪ್ಪ ಶಬ್ದದ ಗುಂಡಿಯ ಮೇಲೆ ಬೆರಳಿಟ್ಟು ತಡೆದ. ಕರೆಸಿಕೊಂಡ ಸಾಕ್ಷಿಗೆ ಕಾಣಿಸದೆ, ಕೇಳಿಸದೆ ಸಹಿ ಹಾಕೆನ್ನುವುದು ಹೇಗೆ? ಶಬ್ದ ಏರಿಸಿದ.

ನಾಲ್ಕನೆಯ ದೀಪ ಹತ್ತಿತು. ಟಿಂಗ್. ಅವನ ಕೈ ನಿಂತಿತು, ದೋಣಿ ಬಂಡೆಗೆ ಬಡಿದು ಮುಳುಗಿತು.

ಮತ್ತೆ ಮೊದಲಿಂದ. ಈ ಸಲ ಮೊದಲ ದೀಪಕ್ಕೇ ಮುಳುಗಿತು. ಹತ್ತರೊಳಗೆ ಮುಗಿಯುವ ಲೆಕ್ಕ ಆಗಲೇ ತಪ್ಪಿತ್ತು; ಆದರೂ ಹಲ್ಲು ಕಚ್ಚಿ ಮೂರನೆಯ ಸಲ ಆಡಿದ. ಎರಡು ದೀಪ ದಾಟಿದ ಸಂತೋಷದಲ್ಲೇ ಮೂರನೆಯದರ ಸದ್ದಿಗೆ ಜಾಯ್‌ಸ್ಟಿಕ್ ಕೈಯಿಂದ ಜಾರಿ ಚಾಪೆಯ ಮೇಲೆ ಬಿತ್ತು.

“ಏನಣ್ಣೇ ಇದು, ಗಂಟೆ ಕೇಳ್ತಿದ್ದಂಗೆ ಕೈ ಬಿಡ್ತೀಯ?” ಎಂದು ಆರುಮುಗಂ ನಕ್ಕ. ಆಮೇಲೆ ನಗು ನಿಂತಿತು. “ಆವತ್ತು ಇಷ್ಟ್ ಬೇಗ ಬಿಡ್ಲಿಲ್ವಲ್ಲ.”

ಪರದೆಯ ಮೇಲೆ ದೋಣಿ ಮತ್ತೆ ಹೊರಡಲು ಸಿದ್ಧವಾಗಿ ನಿಂತಿತ್ತು. ಕೋದಂಡಪ್ಪ ಅದನ್ನೇ ನೋಡುತ್ತಾ ಹೇಳಿದ:

“ನಿನ್ ಗಂಟೆ ಸರ್ಯಾಗೇ ಬಂತು, ಆರುಮುಗಂ. ನಾನು ಮೊತ್ತ ಕೂಡಿಸ್ತಿದ್ದೆ.”

“ಗೊತ್ತು.”

“ಎಂಗೆ?”

“ಒಡ್ದೋನ್ ನಾನಲ್ವಾ ಅಣ್ಣೇ, ನಂಗೊತ್ತಿರಲ್ವಾ? ಮೊತ್ತ ಅಂತ ಗೊತ್ತಿರ್ಲಿಲ್ಲ. ನಿದ್ದೆ ಅಂದ್ಕೊಂಡಿದ್ದೆ.” ಅವನು ಕಾಲು ನೀಡಿ, ಬೆರಳಿಲ್ಲದ ಜಾಗವನ್ನು ಅಂಗೈಯಿಂದ ಉಜ್ಜಿಕೊಂಡ. “ನಿದ್ದೆ ಆಗಿದ್ರೆ ಚೆನ್ನಾಗಿತ್ತು.”

ಕೋದಂಡಪ್ಪ ತಲೆ ತಗ್ಗಿಸಿದ. ಹದಿನೈದು ವರ್ಷ ಅವನು ಈ ಮಾತಿಗೆ ಉತ್ತರವಾಗಿ ಬೈಗುಳವನ್ನು ಊಹಿಸಿಕೊಂಡಿದ್ದ, ಕೆಲವೊಮ್ಮೆ ಕ್ಷಮೆಯನ್ನೂ. ಎರಡೂ ಬರಲಿಲ್ಲ. ಆರುಮುಗಂ ವ್ಯವಹಾರದ ದನಿಯಲ್ಲಿ, ಪೇಪರು ಪೆನ್ನು ಇದೆಯೇ ಎಂದು ಕೇಳಿದ. ತನ್ನ ಮಗಳು ಮಾರಿಯಮ್ಮನಿಗೆ ಈಗ ಮೂವತ್ತಾಯಿತು. ಅಪ್ಪ ಕುಡಿದು ಗಂಟೆ ಹೊಡೆದ, ಅದಕ್ಕೇ ಕಾಲೂ ಹೋಯಿತು ಗಂಟೆಯ ಕೆಲಸವೂ ಹೋಯಿತು ಎಂದು ಗಂಡನ ಮನೆಯವರ ಎದುರಿಗೂ ಹೇಳುತ್ತಾಳೆ. ತಾನು ಎಷ್ಟು ಹೇಳಿದರೂ ನಂಬುವುದಿಲ್ಲ. ಕೋದಂಡಪ್ಪ ಆಟಕ್ಕೆ ಸಾಕ್ಷಿ ಹುಡುಕುತ್ತಾ ತನ್ನ ಬಾಗಿಲಿಗೆ ಬಂದಾಗಲೇ, ತನಗೂ ಒಬ್ಬ ಸಾಕ್ಷಿ ಬೇಕಾಗಿತ್ತಲ್ಲ ಎಂದುಕೊಂಡೆನೆಂದ.

“ಅದುಕ್ಕೇ ಬಂದೆ. ಆಟ ನೋಡಕ್ಕೇನೂ ಅಲ್ಲ.”

ಕೋದಂಡಪ್ಪ ಟಿ.ವಿ. ಆರಿಸಿದ. ಪಟ್ಟಿಗೆಂದು ತಂದಿಟ್ಟಿದ್ದ ಗೆರೆಯ ಹಾಳೆಗಳಲ್ಲೇ ಒಂದನ್ನು ತೆಗೆದು, ತಾರೀಖು ಹಾಕಿ, ಹನ್ನೆರಡು ಸಾಲಿನಲ್ಲಿ ಬರೆದ. ಗಂಟೆ ಬಂದ ಹೊತ್ತು, ತಾನು ತಡೆದ ಸೆಕೆಂಡು, ಕೇಜ್ ಏರಿದ ಅಡಿ, ವಿಚಾರಣೆಯಲ್ಲಿ ತಾನು ಹೇಳಿದ ಸುಳ್ಳು, ಆರುಮುಗಂ ಆ ದಿನ ಕುಡಿದಿರಲಿಲ್ಲವೆಂಬ ಮಾತು, ಎಲ್ಲ ಅದರಲ್ಲಿತ್ತು. ಸಹಿ ಮಾಡಿದ. ಓದಿ ಹೇಳಿದ. ಆರುಮುಗಂ ಕೇಳಿಸಿಕೊಂಡು, ಇದಕ್ಕೆ ಎರಡನೆಯ ಸಹಿ ಯಾರದು ಎಂದ. ಒಬ್ಬನೇ ಬರೆದುಕೊಟ್ಟ ಕಾಗದವನ್ನು ಮಗಳು, ದುಡ್ಡು ಕೊಟ್ಟು ಬರೆಸಿದ್ದು ಎಂದಾಳು.

ಎರಡನೆಯ ಸಹಿಗೆ ಕೋದಂಡಪ್ಪನಿಗೆ ಊರಿನಲ್ಲಿ ಒಂದೇ ಬಾಗಿಲಿತ್ತು. ಅದು ಯಾವುದೆಂದು ಗೊತ್ತಾದ ಮೇಲೆ ಸ್ವಲ್ಪ ಹೊತ್ತು ಅವನು ಎದ್ದೇಳಲಿಲ್ಲ. ನಂತರ ಅಂಗಿ ಬದಲಿಸಿ, ಆಟದ ಪೆಟ್ಟಿಗೆಯನ್ನೂ ದೋಣಿಯ ಕ್ಯಾಸೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು, ಕುಂಟುವ ಆರುಮುಗನ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು ಸ್ಟೇಷನ್ ರಸ್ತೆಗೆ ಹೊರಟ.

ಅಂಗಡಿಯಲ್ಲಿ ಭಾನುವಾರದ ಗಿರಾಕಿಗಳು ನಾಲ್ಕೈದು ಮಂದಿಯಿದ್ದರು. ಸಾಕ್ಷಿಯನ್ನು ಹಿಡಿದುಕೊಂಡೇ ಬಂದಿರಲ್ಲ ಎಂದು ವರಲಕ್ಷ್ಮಮ್ಮ ಉಲ್ಲಾಸದಿಂದ ಎದ್ದಳು. ಕೋದಂಡಪ್ಪ ಕಾಗದವನ್ನು ಅವಳ ಕೈಗೆ ಕೊಟ್ಟು, ಓದದೆ ಸಹಿ ಹಾಕಬೇಡಮ್ಮ ಎಂದ. ಅವಳು ಓದತೊಡಗಿ ಎರಡನೆಯ ಸಾಲಿನಲ್ಲಿ ತೊಡರಿದಳು, ಅಕ್ಷರ ಸಣ್ಣದಾಗಿತ್ತು. ಕೋದಂಡಪ್ಪ ಅದನ್ನು ಹಿಂದಕ್ಕೆ ತೆಗೆದುಕೊಂಡು, ನಿಂತಲ್ಲೇ ಪೂರ್ತಿ ಹನ್ನೆರಡು ಸಾಲನ್ನೂ ಗಟ್ಟಿಯಾಗಿ ಓದಿದ. ಕ್ಯಾಸೆಟ್ಟು ಆರಿಸುತ್ತಿದ್ದವರು ತಿರುಗಿ ನೋಡಿದರು.

ಓದಿ ಮುಗಿದ ಮೇಲೆ ವರಲಕ್ಷ್ಮಮ್ಮ ಅವನ ಮುಖ ನೋಡಲಿಲ್ಲ. ಆರುಮುಗನಿಗೆ ಸ್ಟೂಲು ಸರಿಸಿ ಕೂರಿಸಿ, ತನ್ನ ಹೆಸರು, ಗಂಡನ ಹೆಸರು, ಅಂಗಡಿಯ ವಿಳಾಸ ಬರೆದು ಸಹಿ ಹಾಕಿ, ಕಾಗದವನ್ನು ಆರುಮುಗನ ಕೈಗೇ ಕೊಟ್ಟಳು. ಕೋದಂಡಪ್ಪ ಚೀಲದಿಂದ ತೆಗೆದಿಟ್ಟ ಪೆಟ್ಟಿಗೆಯನ್ನೂ ಕ್ಯಾಸೆಟ್ಟನ್ನೂ ಒಳಗಿಟ್ಟಳು.

“ನಿಮ್ ಪಟ್ಟಿ?” ಎಂದು ಕೇಳಿದಳು, ಬೆನ್ನು ಮಾಡಿಯೇ.

“ಬ್ಯಾಡಮ್ಮ. ಮುಗ್ದಿದ್ದು ಕಂಡೋರಿಲ್ಲ.”

ಅವಳು ಒತ್ತಾಯಿಸಲಿಲ್ಲ. ಡ್ರೈವರಣ್ಣ ಎಂದು ಕರೆಯಲೂ ಇಲ್ಲ.

ಮಾರಿಕುಪ್ಪಂ ರೈಲು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿತ್ತು. ಆರುಮುಗಂ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಗೆ ಬನಿಯನ್ನಿಗೆ ಪಿನ್ನು ಚುಚ್ಚಿ ಭದ್ರಪಡಿಸಿ, ಕೋದಂಡಪ್ಪನ ತೋಳು ಹಿಡಿದು ಡಬ್ಬಿ ಹತ್ತಿದ. ಕಿಟಕಿಯ ಬಳಿ ಕುಳಿತ. ಮುಂದಿನ ಭಾನುವಾರ ಬರುತ್ತೀಯಾ ಎಂದು ಕೇಳಲು ಕೋದಂಡಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದ. ರೈಲು ಕೂಗಿದಾಗ ಆರುಮುಗಂ ಕಿಟಕಿಯ ಸರಳಿಗೆ ಮುಖ ತಂದ.

“ಕಾಗ್ದ ಮಗ್ಳಿಗಾಯ್ತು. ಒಂಬತ್ತೊರ್ಸ ಕಸ ಗುಡಿಸಿದ್ನಲ್ಲ ಅಣ್ಣೇ, ನಂಗೇನ್ ಕೊಡ್ತೀಯ?”

ಅದನ್ನು ಕೋಪದಿಂದ ಕೇಳಿದಂತಿರಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದಂತಿತ್ತು. ವರ್ಷಗಳನ್ನು ದಿನ ಮಾಡುವುದು, ದಿನಗಳನ್ನು ಶಿಫ್ಟು ಮಾಡುವುದು ಕೋದಂಡಪ್ಪನಿಗೆ ಉಸಿರಾಡಿದಷ್ಟು ಸುಲಭ. ಆ ಹೊತ್ತು ಅವನ ತಲೆಗೆ ಒಂದು ಅಂಕಿಯೂ ಬರಲಿಲ್ಲ. ರೈಲು ಹೊರಟಿತು. ಅವನು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದ.

“ಅದು ಬಾಕಿ ಅದೆ, ಆರುಮುಗಂ,” ಎಂದ.